ಟ್ಯಾರೋ ಎಲೆಗಳು: ನಂಬಿಕೆ, ಭಯ ಮತ್ತು ನ್ಯಾಯ



ನಾಳೆ ಏನಾಗುವುದೆಂದು ತಿಳಿಯುವ ಆಸೆ ಮನುಷ್ಯನಷ್ಟೇ ಹಳೆಯದು. ಮಗಳಿಗೆ ಸಂಬಂಧ ಕೂಡಿಬರುವುದೇ, ಕೊಟ್ಟ ಸಾಲ ಮರಳುವುದೇ, ಗಲ್ಫಿನಲ್ಲಿರುವ ಮಗನ ಕೆಲಸ ಉಳಿಯುವುದೇ ಎಂಬ ಚಿಂತೆ ಇಲ್ಲದ ಮನೆಯಿಲ್ಲ. ಈ ಚಿಂತೆಯನ್ನೇ ಬಂಡವಾಳ ಮಾಡಿಕೊಂಡು ಒಂದೊಂದು ಕಾಲದಲ್ಲಿ ಒಂದೊಂದು ವಿದ್ಯೆ ಬೀದಿಗೆ ಬಂದಿದೆ. ಪಂಜರದ ಗಿಳಿ ಹೊರಬಂದು ಎಲೆಯೊಂದನ್ನು ಕೊಕ್ಕಿನಲ್ಲಿ ಎತ್ತಿಕೊಡುವ ಗಿಳಿಶಾಸ್ತ್ರವನ್ನು ಸಂತೆ, ಜಾತ್ರೆಗಳಲ್ಲಿ ನೀವು ನೋಡಿರಬಹುದು. ಇಂದು ಅದರ ಪಕ್ಕದಲ್ಲೇ ಟ್ಯಾರೋ ಎಂಬ ಚಿತ್ರದ ಎಲೆಗಳು ಬಂದು ಕುಳಿತಿವೆ. ಕೈಯಲ್ಲಿರುವ ಮೊಬೈಲಿನಲ್ಲೇ ಎಲೆ ಮಗುಚಿ ಭವಿಷ್ಯ ಹೇಳುವವರಿದ್ದಾರೆ. ಕೇಳುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ಈ ವಿಷಯದಲ್ಲಿ ಇಸ್ಲಾಮಿನ ತೀರ್ಪು ಸ್ಪಷ್ಟವಾಗಿದೆ. ಭವಿಷ್ಯ ಹೇಳುವುದೂ ಅದನ್ನು ಕೇಳಲು ಹೋಗುವುದೂ ನಿಷಿದ್ಧ. ಇದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕಾರ್ಯ ನಿಷಿದ್ಧವೆಂದು ತಿಳಿದಿರುವುದು ಬೇರೆ, ಅದು ಏಕೆ ನಿಷಿದ್ಧವೆಂದು ತಿಳಿದಿರುವುದು ಬೇರೆ. ಕಾರಣ ತಿಳಿಯದವನ ಮನಸ್ಸಿನಲ್ಲಿ ಆ ಜಾಗ ಬರಿದಾಗಿ ಉಳಿಯುತ್ತದೆ. ಭಯ, ವದಂತಿ ಮತ್ತು ತಿರಸ್ಕಾರಗಳು ಬಂದು ಅದನ್ನು ತುಂಬುತ್ತವೆ. ಆಗ ಮನುಷ್ಯನು ಒಂದು ತಪ್ಪಿನಿಂದ ತಪ್ಪಿಸಿಕೊಂಡೆನೆಂದು ತಿಳಿದು ಇನ್ನೊಂದು ತಪ್ಪಿನೊಳಗೆ ಬೀಳುತ್ತಾನೆ. ಹೀಗೆ ಬಿದ್ದವರಲ್ಲಿ ನಾನೂ ಒಬ್ಬ. ಆದುದರಿಂದಲೇ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಒಂದು ಕಹಿ ನೆನಪು

ಆರೇಳು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಊರಿನಲ್ಲಿ ತಂದೆಯಿಲ್ಲದ ಒಬ್ಬ ಹುಡುಗಿಯಿದ್ದಳು. ನಗರದಲ್ಲಿ ಎರಡು ವರ್ಷ ಕಾಲೇಜಿಗೆ ಹೋಗಿ, ಮುಂದೆ ಓದಲು ಅನುಕೂಲವಿಲ್ಲದೆ ಮರಳಿದ್ದಳು. ತಾಯಿಯೊಂದಿಗೆ ಸೇರಿ ಬಟ್ಟೆ ಹೊಲಿದು ಜೀವನ ಸಾಗಿಸುತ್ತಿದ್ದಳು. ಆಕೆಯ ಬಳಿ ಟ್ಯಾರೋ ಎಲೆಗಳ ಒಂದು ಕಟ್ಟಿತ್ತು. ಅಳತೆ ಕೊಡಲು ಬಂದ ಹುಡುಗಿಯರಿಗೆ ಕೆಲವೊಮ್ಮೆ ಎಲೆ ಹಾಕಿ ಏನೇನೋ ಹೇಳುತ್ತಿದ್ದಳಂತೆ. ಅಷ್ಟರಲ್ಲಿ ನೆರೆಮನೆಯ ಒಂದು ನಿಶ್ಚಿತಾರ್ಥ ಮುರಿಯಿತು. ಮಾರನೆಯ ದಿನವೇ ಊರೆಲ್ಲಾ ಒಂದೇ ಮಾತು: ಆಕೆ ಮಾಟ ಮಾಡಿದ್ದಾಳೆ, ಆ ಎಲೆಗಳಲ್ಲಿ ಶೈತಾನನಿದ್ದಾನೆ. ಹೊಲಿಯಲು ಕೊಟ್ಟ ಬಟ್ಟೆಗಳನ್ನು ಹೊಲಿಯುವ ಮೊದಲೇ ಜನರು ವಾಪಸು ತರಿಸಿಕೊಂಡರು.

ಊರಿನ ಕೆಲವು ಹಿರಿಯರು ನನ್ನನ್ನು ಕರೆದು, “ಉಸ್ತಾದರೇ, ಆ ಕಟ್ಟನ್ನು ತಂದು ಸುಟ್ಟುಬಿಡಿ” ಎಂದರು. ನಾನು ಹೋದೆ. ತಾಯಿ ಒಂದೂ ಮಾತಾಡದೆ ಕಟ್ಟನ್ನು ತಂದು ಮೇಜಿನ ಮೇಲಿಟ್ಟರು. ನಾನು ಅದನ್ನು ಬರಿಗೈಯಲ್ಲಿ ಮುಟ್ಟಲಿಲ್ಲ. ಹೆಗಲ ಮೇಲಿದ್ದ ಶಾಲಿನಲ್ಲಿ ಸುತ್ತಿ ಎತ್ತಿಕೊಂಡೆ. ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಆಗ ಹೇಳಿದಳು: “ಅದು ಬರೀ ಕಾಗದ, ಉಸ್ತಾದರೇ. ನೀವು ನನಗಿಂತ ಹೆಚ್ಚು ಅದನ್ನು ನಂಬುತ್ತೀರಿ ಅಂತ ಕಾಣುತ್ತದೆ.”

ನಾನು ಉತ್ತರ ಕೊಡಲಿಲ್ಲ. ಕೊಡಲು ಉತ್ತರವಿರಲಿಲ್ಲ. ಹತ್ತು ವರ್ಷ ಅರಬಿ ಗ್ರಂಥಗಳನ್ನು ಓದಿದ ನನ್ನ ತೌಹೀದ್ ಒಂದು ತುಂಡು ಶಾಲಿನೊಳಗೆ ಸುತ್ತಿಕೊಂಡಿತ್ತು.

ಈ ಎಲೆಗಳು ಬಂದದ್ದೆಲ್ಲಿಂದ?

ಓದುಗರೇ, ಯಾವುದಕ್ಕಾದರೂ ಹೆದರುವ ಮೊದಲು ಅದರ ಮೂಲವನ್ನು ತಿಳಿಯುವುದು ಒಳ್ಳೆಯದು. ನಮಗೆ ಜ್ಞಾನವಿಲ್ಲದ ವಿಷಯದ ಬೆನ್ನು ಹತ್ತಬಾರದು, ಕಿವಿ, ಕಣ್ಣು ಮತ್ತು ಹೃದಯ ಎಲ್ಲವುಗಳ ಬಗ್ಗೆಯೂ ವಿಚಾರಣೆಯಿದೆ ಎಂದು ಪವಿತ್ರ ಕುರ್‌ಆನ್ ಎಚ್ಚರಿಸಿದೆ (17:36). ಟ್ಯಾರೋದ ವಿಷಯದಲ್ಲಿ ಅದನ್ನು ನಂಬುವವರೂ ಅದಕ್ಕೆ ಹೆದರುವವರೂ ಒಂದೇ ಕಥೆಯನ್ನು ಹೇಳುತ್ತಾರೆ: ಇದು ಪ್ರಾಚೀನ ಈಜಿಪ್ಟಿನ ಪುರೋಹಿತರ ರಹಸ್ಯ ವಿದ್ಯೆ, ಸಾವಿರಾರು ವರ್ಷಗಳಿಂದ ಗುಟ್ಟಾಗಿ ಉಳಿದು ಬಂದಿದೆ ಎಂದು. ಈ ಕಥೆಯಲ್ಲಿ ಹುರುಳಿಲ್ಲ.

ಆಡುವ ಎಲೆಗಳು ಯುರೋಪಿಗೆ ತಲುಪಿದ್ದು ಹದಿನಾಲ್ಕನೆಯ ಶತಮಾನದಲ್ಲಿ, ಅದೂ ಮುಸ್ಲಿಮ್ ನಾಡುಗಳ ಕಡೆಯಿಂದ. ಈಜಿಪ್ಟನ್ನು ಆಳಿದ ಮಮ್ಲೂಕರ ಕಾಲದ ಒಂದು ಕಟ್ಟು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ ಸಂಗ್ರಹಾಲಯದಲ್ಲಿ ಈಗಲೂ ಇದೆ. ಅದರಲ್ಲಿರುವುದು ಬಟ್ಟಲು, ನಾಣ್ಯ, ಖಡ್ಗ ಮತ್ತು ಪೋಲೋ ಆಟದ ಕೋಲು ಎಂಬ ನಾಲ್ಕು ಬಗೆ. ರಾಜ, ಅವನ ನಾಯಿಬ್, ಎರಡನೆಯ ನಾಯಿಬ್ ಎಂಬ ಎಲೆಗಳಿವೆ. ಮನುಷ್ಯನ ಚಿತ್ರವಿಲ್ಲ, ಸುಂದರ ಅರಬಿ ಬರಹವಿದೆ. ಇದೇ ಬಟ್ಟಲು, ನಾಣ್ಯ, ಖಡ್ಗ, ಕೋಲುಗಳು ಇಟಲಿಯ ಎಲೆಗಳಿಗೆ ಹೋದವು.

ಹದಿನೈದನೆಯ ಶತಮಾನದಲ್ಲಿ, 1440ರ ಸುಮಾರಿಗೆ, ಉತ್ತರ ಇಟಲಿಯ ಶ್ರೀಮಂತರು ಈ ಕಟ್ಟಿಗೆ ಚಿತ್ರಗಳುಳ್ಳ ಹುಕುಮಿನ ಎಲೆಗಳನ್ನು ಸೇರಿಸಿದರು. ಕ್ರಮೇಣ ಅದು 56 ಸಾಮಾನ್ಯ ಎಲೆಗಳು ಮತ್ತು 22 ಚಿತ್ರದ ಎಲೆಗಳು, ಒಟ್ಟು 78 ಎಲೆಗಳ ಕಟ್ಟಾಗಿ ನೆಲೆನಿಂತಿತು. ಅದೇ ಟ್ಯಾರೋ. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಅದು ಮುಖ್ಯವಾಗಿ ಮನೆಯಲ್ಲಿ ಕುಳಿತು ಆಡುವ ಆಟವಾಗಿತ್ತು. ಫ್ರಾನ್ಸ್, ಆಸ್ಟ್ರಿಯಾಗಳಲ್ಲಿ ಇಂದಿಗೂ ಜನರು ಅದನ್ನು ಆಟವಾಗಿಯೇ ಆಡುತ್ತಾರೆ.

ಹಾಗಾದರೆ ಈಜಿಪ್ಟು ಎಲ್ಲಿಂದ ಬಂತು? 1781ರಲ್ಲಿ ಕೂರ್ ದ ಜೆಬೆಲಾ ಎಂಬ ಫ್ರೆಂಚ್ ಲೇಖಕನು ಇದು ಪ್ರಾಚೀನ ಈಜಿಪ್ಟಿನ ಜ್ಞಾನಗ್ರಂಥವೆಂದು ಬರೆದನು. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ. ಶಾಂಪೋಲಿಯೋ ಎಂಬ ವಿದ್ವಾಂಸನು ಆ ಲಿಪಿಯ ಗುಟ್ಟನ್ನು ಬಿಡಿಸಿದ್ದು 1822ರಲ್ಲಿ. ಆ ಮೇಲೆ ಓದಿದ ಈಜಿಪ್ಟಿನ ಬರಹಗಳಲ್ಲಿ ಟ್ಯಾರೋದ ಸುಳಿವೇ ಇರಲಿಲ್ಲ. ಆದರೆ ಅಷ್ಟರಲ್ಲಿ ಕಥೆ ಊರೂರು ಸುತ್ತಿಯಾಗಿತ್ತು. 1785ರಲ್ಲೇ ಎತ್ತೇಲಾ ಎಂಬ ಹೆಸರಿನಲ್ಲಿ ಒಬ್ಬನು ಟ್ಯಾರೋದಿಂದ ಭವಿಷ್ಯ ಹೇಳುವ ಪುಸ್ತಕವನ್ನು ಅಚ್ಚು ಹಾಕಿಸಿದ್ದನು. ಇಂದು ಎಲ್ಲೆಡೆ ಕಾಣುವ ಚಿತ್ರಗಳಂತೂ ಇನ್ನೂ ಹೊಸವು. 1909ರಲ್ಲಿ ಲಂಡನ್ನಿನಲ್ಲಿ ವೇಟ್ ಎಂಬವನ ಸೂಚನೆಯಂತೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಅವುಗಳನ್ನು ಬರೆದಳು.

ಇಷ್ಟೇ ಅದರ ಪುರಾಣ. ಅರಮನೆಯ ಆಟವೊಂದು, ಓದಲಾರದ ಲಿಪಿಯ ಮೇಲೆ ಕಟ್ಟಿದ ಒಂದು ಊಹೆ, ಬಳಿಕ ಒಂದು ವ್ಯಾಪಾರ.

ಎಲೆಗೆ ಹೆದರುವುದು

ಈಗ ನಮ್ಮ ಭಯವನ್ನು ನೋಡೋಣ. ಟ್ಯಾರೋದ 13ನೆಯ ಎಲೆಯಲ್ಲಿ ಸಾವಿನ ಚಿತ್ರವಿದೆ. ಅದು ಬಂದರೆ ಮನೆಯಲ್ಲಿ ಸಾವು ಎಂದು ಸಿನೆಮಾ ನೋಡಿದವರು ಹೇಳುತ್ತಾರೆ. ಎಲೆ ನೋಡುವವರೇ ಅದನ್ನು ಹಾಗೆ ಓದುವುದಿಲ್ಲ. ಒಂದು ಘಟ್ಟ ಮುಗಿದು ಇನ್ನೊಂದು ತೊಡಗುವುದೆಂದು ಅರ್ಥ ಹೇಳುತ್ತಾರೆ. ಅದೂ ಊಹೆಯೇ. ಆದರೆ ಇಲ್ಲದ ಆರೋಪವನ್ನು ಅವರ ಮೇಲೆ ಹೊರಿಸುವ ಅಗತ್ಯ ನಮಗಿಲ್ಲ. ಸತ್ಯಕ್ಕೆ ಸುಳ್ಳಿನ ಊರುಗೋಲು ಬೇಕಿಲ್ಲ.

ಕಟ್ಟು ಮನೆಯೊಳಗಿದ್ದರೆ ಬರಕತ್ ಹೋಗುತ್ತದೆ, ಮುಟ್ಟಿದವನಿಗೆ ಜಿನ್ನ್ ಹಿಡಿಯುತ್ತದೆ, ಸುಟ್ಟರೆ ಸುಟ್ಟವನಿಗೇ ಕೇಡು ಎಂಬ ಮಾತುಗಳನ್ನೂ ಕೇಳಿದ್ದೇನೆ. ಒಂದು ಕ್ಷಣ ಯೋಚಿಸಿ. ನನ್ನ ಮದುವೆ ಈ ಎಲೆಯಿಂದ ಕೂಡಿಬರುವುದೆಂದು ಒಬ್ಬ ನಂಬುತ್ತಾನೆ. ನನ್ನ ಮಗಳ ಮದುವೆ ಈ ಎಲೆಯಿಂದ ಮುರಿಯಿತೆಂದು ಇನ್ನೊಬ್ಬ ನಂಬುತ್ತಾನೆ. ಇವರಿಬ್ಬರ ನಡುವೆ ವ್ಯತ್ಯಾಸವೇನು? ಒಬ್ಬನು ಕಾಗದದಿಂದ ಲಾಭವನ್ನು ನಿರೀಕ್ಷಿಸಿದನು, ಮತ್ತೊಬ್ಬನು ಅದೇ ಕಾಗದದಿಂದ ನಷ್ಟವನ್ನು. ಲಾಭ ನಷ್ಟಗಳು ಅಲ್ಲಾಹನ ಕೈಯಲ್ಲಿವೆ ಎಂಬ ವಿಶ್ವಾಸದಿಂದ ಇಬ್ಬರೂ ಒಂದೊಂದು ಹೆಜ್ಜೆ ಸರಿದರು. ಎಲೆಗೆ ಹೆದರುವುದೂ ಒಂದು ಬಗೆಯಲ್ಲಿ ಎಲೆಯನ್ನು ನಂಬಿದಂತೆಯೇ.

ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗಾಗಿಯೇ ಗ್ರಹಣವಾಯಿತೆಂದು ಜನರು ಹೇಳತೊಡಗಿದರು. ಸುಮ್ಮನಿದ್ದರೆ ಪ್ರವಾದಿ(ಸ)ರ ಗೌರವ ಜನರ ಕಣ್ಣಲ್ಲಿ ಇನ್ನಷ್ಟು ಹೆಚ್ಚುತ್ತಿತ್ತು. ಅವರು ಸುಮ್ಮನಿರಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಸಾವಿಗಾಗಲಿ ಯಾರ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲವೆಂದು ಜನರಿಗೆ ತಿಳಿಸಿದರು (ಬುಖಾರಿ, ಮುಸ್ಲಿಮ್). ಆಕಾಶದ ಸೂರ್ಯನಿಗೇ ಇಲ್ಲದ ಶಕುನವನ್ನು ಅಂಗಡಿಯ ಕಾಗದಕ್ಕೆ ನಾವು ಕೊಡಬಹುದೇ?

ನಿಷೇಧದ ನಿಜವಾದ ಕಾರಣ

ಹಾಗಾದರೆ ಟ್ಯಾರೋ ಬರೀ ಕಾಗದವೆಂದ ಮೇಲೆ ಅದನ್ನು ನೋಡಿದರೇನು ತಪ್ಪು ಎಂದು ನೀವು ಕೇಳಬಹುದು. ತಪ್ಪು ಎಲೆಯಲ್ಲಿಲ್ಲ, ಎಲೆಯ ಮುಂದೆ ಕುಳಿತು ಕೇಳುವ ಪ್ರಶ್ನೆಯಲ್ಲಿದೆ.

ಅಗೋಚರದ ಕೀಲಿಕೈಗಳು ಅಲ್ಲಾಹನ ಬಳಿಯಿವೆ, ಅವನ ಹೊರತು ಯಾರೂ ಅವನ್ನು ಅರಿಯರು, ಮರದಿಂದ ಉದುರುವ ಒಂದು ಎಲೆಯೂ ಅವನ ಅರಿವಿಗೆ ಬಾರದೆ ಉದುರುವುದಿಲ್ಲ ಎಂದು ಕುರ್‌ಆನ್ ಕಲಿಸುತ್ತದೆ (6:59). ನಾಳೆ ತಾನೇನು ಸಂಪಾದಿಸುವೆನು, ಯಾವ ನೆಲದಲ್ಲಿ ಸಾಯುವೆನು ಎಂಬುದನ್ನು ಯಾವ ಜೀವಿಯೂ ತಿಳಿಯದೆಂದು ಇನ್ನೊಂದೆಡೆ ಹೇಳಿದೆ (31:34). ಮರದ ಎಲೆ ಎಲ್ಲಿ ಬೀಳುವುದೆಂದು ತಿಳಿದವನು ಇರುವಾಗ ಕಾಗದದ ಎಲೆಯನ್ನು ಕೇಳುವುದು, ಮನೆಯ ಯಜಮಾನನನ್ನು ಬಿಟ್ಟು ಅಂಗಳದ ಕಲ್ಲನ್ನು ಮಾತಾಡಿಸಿದಂತೆ.

ಅಗೋಚರ ಜ್ಞಾನವು ಪ್ರವಾದಿಗಳಿಗೂ ತಾವಾಗಿ ಇರಲಿಲ್ಲ. ಅಲ್ಲಾಹನು ತಿಳಿಸಿದಷ್ಟನ್ನು ಮಾತ್ರ ಅವರು ತಿಳಿದರು. ನನಗೆ ಅಗೋಚರ ಗೊತ್ತಿದ್ದರೆ ನಾನು ಬಹಳಷ್ಟು ಒಳಿತನ್ನು ಕೂಡಿಹಾಕಿಕೊಳ್ಳುತ್ತಿದ್ದೆ, ನನಗೆ ಯಾವ ಕೆಡುಕೂ ತಗಲುತ್ತಿರಲಿಲ್ಲ ಎಂದು ಹೇಳುವಂತೆ ಅಲ್ಲಾಹನು ತನ್ನ ಪ್ರವಾದಿಗೆ ಆಜ್ಞಾಪಿಸಿದನು (7:188). ಒಮ್ಮೆ ಒಂದು ಮದುವೆ ಮನೆಯಲ್ಲಿ ಹುಡುಗಿಯರು ಹಾಡುತ್ತಾ, ನಾಳೆಯದನ್ನು ತಿಳಿದ ಪ್ರವಾದಿ ನಮ್ಮ ನಡುವೆ ಇದ್ದಾರೆ ಎಂದಾಗ, ಆ ಮಾತನ್ನು ಬಿಟ್ಟು ಮೊದಲು ಹಾಡುತ್ತಿದ್ದುದನ್ನೇ ಹಾಡಿರೆಂದು ಪ್ರವಾದಿ(ಸ) ತಿದ್ದಿದರು (ಬುಖಾರಿ). ಜಿನ್ನ್‌ಗಳಿಗೂ ಅಗೋಚರ ಜ್ಞಾನವಿಲ್ಲ. ಸುಲೈಮಾನ್(ಅ) ಊರುಗೋಲಿಗೆ ಒರಗಿದಂತೆಯೇ ಮರಣ ಹೊಂದಿದಾಗ ಅವರ ಅಧೀನದಲ್ಲಿ ದುಡಿಯುತ್ತಿದ್ದ ಜಿನ್ನ್‌ಗಳಿಗೆ ಅದು ತಿಳಿಯಲೇ ಇಲ್ಲ. ಹುಳು ಕೋಲನ್ನು ತಿಂದು ದೇಹ ಉರುಳಿದ ಮೇಲಷ್ಟೇ ಗೊತ್ತಾಯಿತು (34:14). ಕಣ್ಣೆದುರಿನ ಸಾವನ್ನೇ ಕಾಣದವರು ನಿಮ್ಮ ನಾಳೆಯನ್ನು ಕಂಡಾರೆಯೇ?

ಅಜ್ಞಾನ ಕಾಲದ ಅರಬರಲ್ಲಿ ಅಝ್ಲಾಮ್ ಎಂಬ ಬಾಣಗಳ ಪದ್ಧತಿಯಿತ್ತು. ಪ್ರಯಾಣ, ವ್ಯಾಪಾರ, ಮದುವೆಗಳಿಗೆ ಮೊದಲು ಗರಿಯಿಲ್ಲದ ಬಾಣಗಳನ್ನು ಚೀಲದಿಂದ ಎತ್ತಿ, ಮಾಡು ಅಥವಾ ಮಾಡಬೇಡ ಎಂಬ ಉತ್ತರ ಪಡೆಯುತ್ತಿದ್ದರು. ಇಂದಿನ ಎಲೆಗಳು ಆ ಬಾಣಗಳ ತಮ್ಮಂದಿರು. ಮದ್ಯ ಮತ್ತು ಜೂಜಿನ ಜೊತೆಗೆ ಅದನ್ನೂ ಹೇಸಿಗೆಯೆಂದೂ ಶೈತಾನನ ಕೆಲಸವೆಂದೂ ಕುರ್‌ಆನ್ ನಿಷೇಧಿಸಿತು (5:90). ಹಿಜ್ರತ್‌ನ ವೇಳೆ ಬಹುಮಾನದ ಆಸೆಯಿಂದ ಪ್ರವಾದಿ(ಸ)ರನ್ನು ಬೆನ್ನಟ್ಟಿದ ಸುರಾಖಃ ದಾರಿಯಲ್ಲಿ ಬಾಣ ಎತ್ತಿ ನೋಡಿದರು. ತಮಗೆ ಇಷ್ಟವಿಲ್ಲದ ಉತ್ತರ ಬಂತು. ಆದರೂ ಕುದುರೆ ಓಡಿಸಿಕೊಂಡು ಮುಂದೆ ಹೋದರು (ಬುಖಾರಿ). ಇದು ಮನುಷ್ಯ ಸ್ವಭಾವ. ಭವಿಷ್ಯ ಕೇಳುವವನು ಆಗಲೇ ಮನಸ್ಸಿನಲ್ಲಿ ನಿರ್ಧರಿಸಿದ್ದಕ್ಕೆ ಒಂದು ಸಹಿ ಬೇಡುತ್ತಾನೆ. ಸಹಿ ಸಿಗದಿದ್ದರೆ ಮತ್ತೊಮ್ಮೆ ಎಲೆ ಕಲಸುತ್ತಾನೆ. ಹೊಣೆಯನ್ನು ಮಾತ್ರ ತಾನು ಹೊರಲಾರ. ಅಲ್ಲಾಹನು ಕೊಟ್ಟ ಬುದ್ಧಿಯನ್ನು ಬಳಸದೆ, ಅವನ ಮೇಲೆ ಭರವಸೆಯನ್ನೂ ಇಡದೆ ಬದುಕುವ ಈ ಸ್ಥಿತಿಯಿಂದಲೇ ನಮ್ಮನ್ನು ತಡೆಯಲಾಗಿದೆ.

“ಹೇಳಿದ್ದು ನಿಜವಾಯಿತಲ್ಲ?”

ಕೆಲವರು ಅನುಭವದ ಮಾತು ಹೇಳುತ್ತಾರೆ: ಎಲೆ ನೋಡಿದವಳು ನನ್ನ ಸ್ವಭಾವವನ್ನು ಕನ್ನಡಿಯಂತೆ ಹೇಳಿದಳು ಎಂದು. 1948ರಲ್ಲಿ ಅಮೆರಿಕದ ಬರ್ಟ್ರಾಮ್ ಫೋರರ್ ಎಂಬ ಮನಶ್ಶಾಸ್ತ್ರದ ಅಧ್ಯಾಪಕರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ಬಳಿಕ ಪ್ರತಿಯೊಬ್ಬನಿಗೂ, ಇದು ನಿನ್ನ ಸ್ವಭಾವದ ವಿವರಣೆ, ಎಷ್ಟು ಸರಿಯಿದೆ ಐದರಲ್ಲಿ ಅಂಕ ಹಾಕು ಎಂದು ಒಂದು ಹಾಳೆ ಕೊಟ್ಟರು. ಸರಾಸರಿ 4.26 ಅಂಕ ಬಂತು. ಆ ಮೇಲೆ ನೋಡಿದರೆ ಎಲ್ಲರ ಕೈಯಲ್ಲೂ ಇದ್ದುದು ಒಂದೇ ವಿವರಣೆ. ಅದರ ಹೆಚ್ಚಿನ ವಾಕ್ಯಗಳನ್ನು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಳ್ಳಲಾಗಿತ್ತು. ಹೊರಗೆ ಧೈರ್ಯಶಾಲಿ, ಒಳಗೆ ಚಿಂತೆ ಎಂದರೆ ಯಾರು ಅಲ್ಲವೆಂದಾರು?

ಜ್ಯೋತಿಷಿಗಳ ಮಾತು ಕೆಲವೊಮ್ಮೆ ನಿಜವಾಗುವುದರ ಬಗ್ಗೆ ಪ್ರವಾದಿ(ಸ)ರನ್ನೂ ಜನರು ಕೇಳಿದ್ದರು. ಅವರು ಏನೂ ಅಲ್ಲವೆಂದು ಪ್ರವಾದಿ(ಸ) ಉತ್ತರಿಸಿದರು. ಜಿನ್ನ್ ಕದ್ದು ತಂದ ಒಂದು ಮಾತಿಗೆ ಅವರು ನೂರಕ್ಕೂ ಮಿಕ್ಕಿದ ಸುಳ್ಳುಗಳನ್ನು ಬೆರೆಸುತ್ತಾರೆಂದು ವಿವರಿಸಿದರು (ಬುಖಾರಿ, ಮುಸ್ಲಿಮ್). ನಿಜವಾದ ಒಂದನ್ನು ನಾವು ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತೇವೆ, ಸುಳ್ಳಾದ ನೂರನ್ನು ಅಂದೇ ಮರೆಯುತ್ತೇವೆ.

ಬರೀ ತಮಾಷೆಗೆ ನೋಡುತ್ತೇವೆ ಎನ್ನುವ ಯುವಕ ಯುವತಿಯರಿಗೂ ಒಂದು ಮಾತು. ಭವಿಷ್ಯ ಹೇಳುವವನ ಬಳಿ ಹೋಗಿ ಏನನ್ನಾದರೂ ಕೇಳಿದವನ ನಲವತ್ತು ರಾತ್ರಿಗಳ ನಮಾಝ್ ಸ್ವೀಕಾರವಾಗದೆಂದು ಹದೀಸಿನಲ್ಲಿದೆ (ಮುಸ್ಲಿಮ್). ನಮಾಝ್ ಬಿಡಬಹುದೆಂದು ಇದರ ಅರ್ಥವಲ್ಲ. ಕರ್ತವ್ಯ ಉಳಿಯುತ್ತದೆ, ಪ್ರತಿಫಲ ಹೋಗುತ್ತದೆ. ತಮಾಷೆಯಾಗಿ ಕೇಳಿದ ಮಾತು ರಾತ್ರಿ ಮಲಗುವಾಗ ತಮಾಷೆಯಾಗಿ ಉಳಿಯುವುದಿಲ್ಲ. ಅದು ಮನಸ್ಸಿನ ಮೂಲೆಯಲ್ಲಿ ಕುಳಿತು ಬೇರು ಬಿಡುತ್ತದೆ.

ನಮ್ಮ ಮನೆಯೊಳಗಿನ ಎಲೆಗಳು

ಟ್ಯಾರೋವನ್ನು ಬೈಯುವಾಗ ನಾವು ಇನ್ನೊಂದು ವಿಷಯವನ್ನು ಮರೆಯುತ್ತೇವೆ. ಕುರ್‌ಆನನ್ನು ಕಣ್ಣುಮುಚ್ಚಿ ತೆರೆದು, ಬೆರಳಿಗೆ ಸಿಕ್ಕಿದ ಸಾಲಿನಿಂದ ಫಾಲ್ ನೋಡುವವರು ನಮ್ಮಲ್ಲಿಲ್ಲವೇ? ವರ ಮತ್ತು ವಧುವಿನ ಹೆಸರಿನ ಅಕ್ಷರಗಳನ್ನು ಕೂಡಿಸಿ ಕಳೆದು ಲೆಕ್ಕ ನೋಡಿಸುವವರಿಲ್ಲವೇ? ಕಳವು ಮಾಡಿದವನಾರೆಂದು ಮಂತ್ರಿಸಿ ಹೇಳಿಸುವವರಿಲ್ಲವೇ? ಇದು ಇಂದಿನ ರೋಗವಲ್ಲ. ಹಾಫಿಝ್ ಕವಿಯ ದೀವಾನಿನ ಒಂದು ಹಸ್ತಪ್ರತಿ ಪಾಟ್ನಾದ ಖುದಾಬಕ್ಷ್ ಗ್ರಂಥಾಲಯದಲ್ಲಿದೆ. ಅದರ ಅಂಚುಗಳಲ್ಲಿ ಹುಮಾಯೂನ್ ಮತ್ತು ಜಹಾಂಗೀರ್ ಬಾದಶಹರು ತಾವು ಫಾಲ್ ನೋಡಿದ ಸಂದರ್ಭಗಳನ್ನು ಸ್ವಹಸ್ತದಿಂದ ಬರೆದಿಟ್ಟಿದ್ದಾರೆ. ಬಾದಶಹನು ಮಾಡಿದನೆಂಬ ಕಾರಣಕ್ಕೆ ಅದು ಧರ್ಮವಾಗುವುದಿಲ್ಲ. ಮಾರ್ಗದರ್ಶನಕ್ಕಾಗಿ ಬಂದ ಗ್ರಂಥವನ್ನು ಎಲೆಗಳ ಕಟ್ಟಿನಂತೆ ಬಳಸುವುದು ಆ ಗ್ರಂಥಕ್ಕೆ ಮಾಡುವ ಗೌರವವೂ ಅಲ್ಲ. ಅರಬಿ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಊಹೆಯು ಜ್ಞಾನವಾಗದು.

ಇಸ್ತಿಖಾರದ ಬಗ್ಗೆಯೂ ಇದೇ ತಪ್ಪು ಕಲ್ಪನೆಯಿದೆ. ಇನ್ನೊಬ್ಬರಿಗೆ ಹಣ ಕೊಟ್ಟು ಇಸ್ತಿಖಾರ ಮಾಡಿಸಿ, ಕನಸಿನಲ್ಲಿ ಹಸಿರು ಕಂಡಿತೇ, ಕಪ್ಪು ಕಂಡಿತೇ ಎಂದು ವಿಚಾರಿಸುತ್ತೇವೆ. ಆದರೆ ಪ್ರವಾದಿ(ಸ) ಕಲಿಸಿದ್ದು ಒಂದು ಪ್ರಾರ್ಥನೆಯನ್ನು. ಎರಡು ರಕಅತ್ ನಮಾಝ್ ಮಾಡಿ, ಈ ಕೆಲಸದಲ್ಲಿ ನನ್ನ ಧರ್ಮಕ್ಕೂ ಬದುಕಿಗೂ ಒಳಿತಿದ್ದರೆ ಅದನ್ನು ಸುಲಭಗೊಳಿಸು, ಕೆಡುಕಿದ್ದರೆ ನನ್ನಿಂದ ದೂರವಿಡು ಎಂದು ಸ್ವತಃ ಬೇಡುವುದು ಅದರ ಸಾರ (ಬುಖಾರಿ). ಅಲ್ಲಿ ನಾಳೆಯನ್ನು ಇಣುಕಿ ನೋಡುವುದಿಲ್ಲ, ನಾಳೆಯನ್ನು ಅದರ ಒಡೆಯನಿಗೆ ಒಪ್ಪಿಸುತ್ತೇವೆ. ಟ್ಯಾರೋ ಮತ್ತು ಇಸ್ತಿಖಾರದ ನಡುವಿನ ವ್ಯತ್ಯಾಸವೆಲ್ಲ ಈ ಒಂದು ಮಾತಿನಲ್ಲಿದೆ.

ದ್ವೇಷವು ನ್ಯಾಯವನ್ನು ಮರೆಸದಿರಲಿ

ಕೊನೆಯದಾಗಿ, ಎಲೆ ಹಿಡಿದ ಮನುಷ್ಯನ ವಿಷಯ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ತಪ್ಪಿಸದಿರಲಿ, ನ್ಯಾಯವೇ ದೇವಭಯಕ್ಕೆ ಹತ್ತಿರ ಎಂದು ಕುರ್‌ಆನ್ ಬೋಧಿಸಿದೆ (5:8). ಹೆಚ್ಚಿನ ಗುಮಾನಿಗಳಿಂದ ದೂರವಿರಲು ಆಜ್ಞಾಪಿಸಿದೆ (49:12). ಆ ಹುಡುಗಿ ಎಲೆ ನೋಡಿದ್ದು ತಪ್ಪು. ಆದರೆ ನಿಶ್ಚಿತಾರ್ಥ ಮುರಿದವಳು ಆಕೆಯೆಂಬುದಕ್ಕೆ ನಮ್ಮಲ್ಲಿ ಯಾವ ಸಾಕ್ಷ್ಯವಿತ್ತು? ಆಕೆಯ ತಪ್ಪನ್ನು ತೋರಿಸಲು ಹೋದ ಊರು, ಸಾಕ್ಷ್ಯವಿಲ್ಲದ ಆರೋಪ ಮತ್ತು ಒಂದು ಬಡ ಮನೆಯ ಅನ್ನಕ್ಕೆ ಕೈಹಾಕುವುದು ಎಂಬ ಎರಡು ದೊಡ್ಡ ತಪ್ಪುಗಳನ್ನು ಮಾಡಿತು.

ಮಕ್ಕಾ ವಿಜಯದ ದಿನ ಕಾಬಾದೊಳಗಿಂದ ಹೊರತೆಗೆದ ಚಿತ್ರಗಳಲ್ಲಿ ಇಬ್ರಾಹೀಮ್(ಅ) ಮತ್ತು ಇಸ್ಮಾಈಲ್(ಅ)ರ ಕೈಗಳಲ್ಲಿ ಶಕುನದ ಬಾಣಗಳನ್ನು ಬರೆದಿದ್ದರು. ಅವರಿಬ್ಬರೂ ಎಂದೂ ಬಾಣ ಎತ್ತಿ ಶಕುನ ನೋಡಿದವರಲ್ಲವೆಂದು ಚಿತ್ರ ಬರೆದವರಿಗೂ ಗೊತ್ತಿತ್ತು ಎಂದು ಪ್ರವಾದಿ(ಸ) ಹೇಳಿದರು (ಬುಖಾರಿ). ಸುಲೈಮಾನ್(ಅ)ರ ಮೇಲೆ ಮಾಟದ ಆರೋಪ ಹೊರಿಸಿದಾಗ ಕುರ್‌ಆನ್ ಅವರ ನಿರ್ದೋಷಿತ್ವವನ್ನು ಸಾರಿತು (2:102). ನಮ್ಮ ಪ್ರವಾದಿ(ಸ)ರನ್ನೇ ಜನರು ಕಾಹಿನ್, ಮಾಟಗಾರ ಎಂದು ಕರೆದಿದ್ದರು. ಮಾಟಗಾರನೆಂಬ ಹೆಸರನ್ನು ಸುಳ್ಳಾಗಿ ಅಂಟಿಸಿದರೆ ಎಷ್ಟು ನೋವಾಗುವುದೆಂದು ಈ ಸಮುದಾಯಕ್ಕಿಂತ ಚೆನ್ನಾಗಿ ತಿಳಿದವರು ಯಾರು?

ಭವಿಷ್ಯ ಹೇಳುವವರ ಬಳಿಗೆ ಹೋಗಬಾರದೆಂಬ ಒಂದು ಹದೀಸನ್ನು ವರದಿ ಮಾಡಿದವರು ಮುಆವಿಯಃ ಬಿನ್ ಹಕಮ್ ಸುಲಮಿ(ರ). ಆಗಷ್ಟೇ ಇಸ್ಲಾಮ್ ಸ್ವೀಕರಿಸಿದ್ದ ಅವರು ನಮಾಝ್‌ನ ನಡುವೆ ಒಬ್ಬನು ಸೀನಿದಾಗ ಗಟ್ಟಿಯಾಗಿ ಹಾರೈಸಿಬಿಟ್ಟರು. ಸುತ್ತಲಿನವರು ಕಣ್ಣು ಕೆಕ್ಕರಿಸಿದರು, ತೊಡೆ ತಟ್ಟಿ ಸುಮ್ಮನಿರಿಸಿದರು. ನಮಾಝ್ ಮುಗಿದ ಮೇಲೆ ಪ್ರವಾದಿ(ಸ) ಅವರನ್ನು ಗದರಲಿಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ. ನಮಾಝ್ ಏನೆಂದು ತಿಳಿಸಿಕೊಟ್ಟರು. ಅದಕ್ಕಿಂತ ಒಳ್ಳೆಯ ಶಿಕ್ಷಕನನ್ನು ತಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲವೆಂದು ಅವರು ನೆನೆಯುತ್ತಾರೆ. ಆ ಸಲಿಗೆಯಲ್ಲೇ ಅವರು ಬಾಯಿಬಿಟ್ಟರು: ನಮ್ಮಲ್ಲಿ ಕೆಲವರು ಜ್ಯೋತಿಷಿಗಳ ಬಳಿ ಹೋಗುತ್ತಾರೆ ಎಂದು. ಹೋಗಬೇಡಿ ಎಂದರು ಪ್ರವಾದಿ(ಸ). ಶಕುನ ನೋಡುವವರೂ ಇದ್ದಾರೆ ಎಂದಾಗ, ಅದು ಮನಸ್ಸಿನಲ್ಲಿ ಮೂಡುವ ಭಾವನೆ, ಅದು ನಿಮ್ಮನ್ನು ಕೆಲಸದಿಂದ ತಡೆಯದಿರಲಿ ಎಂದರು (ಮುಸ್ಲಿಮ್).

ಓದುಗರೇ, ಈ ಕ್ರಮವನ್ನು ಗಮನಿಸಿ. ಮೊದಲು ಮೃದುತ್ವ, ಆಮೇಲೆ ಮನಬಿಚ್ಚಿದ ಪ್ರಶ್ನೆ, ಆಮೇಲೆ ನಿಷೇಧ. ನಾವು ಅದನ್ನು ತಲೆಕೆಳಗು ಮಾಡಿದ್ದೇವೆ. ಮೊದಲೇ ಗದರುತ್ತೇವೆ, ಪ್ರಶ್ನೆ ನಮ್ಮ ಬಳಿಗೆ ಬರುವುದೇ ಇಲ್ಲ, ಎಲೆಯ ಬಳಿಗೆ ಹೋಗುತ್ತದೆ.

ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಪತ್ನಿಯನ್ನು ಕರೆದುಕೊಂಡು ಆ ಮನೆಗೆ ಹೋಗಿ, ಕಟ್ಟನ್ನು ಬರಿಗೈಯಲ್ಲಿ ಹಿಡಿದು ಹಿಂತಿರುಗಿಸಿದೆ. “ತಂಗೀ, ಇದು ಕಾಗದವೆಂದು ನೀನು ಹೇಳಿದ್ದು ಸರಿ. ಆದುದರಿಂದಲೇ ಇದನ್ನು ಕೇಳಬೇಡ. ನಿನ್ನೆ ನಾನು ಮಾಡಿದ್ದು ತಪ್ಪು” ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ತಂದೆ ಹೋದ ಮೇಲೆ ಮುಂದೇನು ಮಾಡಬೇಕೆಂದು ಕೇಳಲು ಒಬ್ಬರೂ ಇರಲಿಲ್ಲ, ಅದಕ್ಕೇ ಎಲೆ ಹಾಕಿದೆ ಎಂದು ನನ್ನ ಪತ್ನಿಯೊಡನೆ ಹೇಳಿದಳು. ಮುಂದಿನ ಶುಕ್ರವಾರ ಜುಮಾ ನಮಾಝ್‌ನ ಬಳಿಕ ನಾನು ಎದ್ದು ನಿಂತು, ಆಕೆಯ ಹೆಸರು ಹೇಳದೆ, ಸಾಕ್ಷ್ಯವಿಲ್ಲದೆ ಮಾಟದ ಆರೋಪ ಹೊರಿಸುವುದು ಪಾಪವೆಂದು ತಿಳಿಸಿದೆ. ಕೆಲವರು ಬಟ್ಟೆಗಳನ್ನು ಮತ್ತೆ ಆ ಮನೆಗೆ ಕಳಿಸಿದರು. ಎಲ್ಲರೂ ಕಳಿಸಲಿಲ್ಲ. ಆಡಿದ ಮಾತನ್ನು ಪೂರ್ತಿ ಹಿಂದಕ್ಕೆ ಪಡೆಯಲು ಆಗುವುದಿಲ್ಲವೆಂದು ಅಂದು ಕಲಿತೆ. ಆ ಕಟ್ಟನ್ನು ಆಕೆ ತಾನೇ ಒಲೆಗೆ ಹಾಕಿದಳೆಂದು ಕೆಲವು ತಿಂಗಳ ನಂತರ ಆಕೆಯ ತಾಯಿ ತಿಳಿಸಿದರು.

ಆದುದರಿಂದ ನಿಮ್ಮ ಮಗನೋ ಮಗಳೋ ಎಲೆಯ ಮುಂದೆ ಕುಳಿತದ್ದನ್ನು ಕಂಡರೆ ಮೊದಲು ಎಲೆಯನ್ನು ಕಸಿಯಬೇಡಿ. ಅವರು ಏನನ್ನು ಕೇಳಲು ಹೊರಟಿದ್ದರೆಂದು ವಿಚಾರಿಸಿ. ಆ ಪ್ರಶ್ನೆಗೆ ಪಕ್ಕದಲ್ಲಿ ಕುಳಿತುಕೊಳ್ಳಿ. ತಿಳಿದವರೊಡನೆ ಸಮಾಲೋಚಿಸಿ, ರೋಗವಿದ್ದರೆ ವೈದ್ಯರಿಗೆ ತೋರಿಸಿ, ಸಾಧ್ಯವಾದ ಪ್ರಯತ್ನ ಮಾಡಿ, ಉಳಿದುದನ್ನು ಅಲ್ಲಾಹನಿಗೆ ಒಪ್ಪಿಸಲು ಕಲಿಸಿ. ನಾಳೆ ಏನಾಗುವುದೆಂದು ನಮಗೆ ಗೊತ್ತಿಲ್ಲ. ನಾಳೆ ಯಾರ ಕೈಯಲ್ಲಿದೆಯೆಂದು ಗೊತ್ತಿದೆ. ವಿಶ್ವಾಸಿಗೆ ಅಷ್ಟು ಸಾಕು.

ಅಗೋಚರದ ಒಡೆಯನಾದ ಅಲ್ಲಾಹನು ನಮ್ಮ ಹೃದಯಗಳನ್ನು ಸುಳ್ಳು ಭರವಸೆಯಿಂದಲೂ ಸುಳ್ಳು ಭಯದಿಂದಲೂ ಶುದ್ಧಗೊಳಿಸಲಿ. ನಮ್ಮ ನಾಲಗೆಯಿಂದ ಯಾವ ನಿರಪರಾಧಿಗೂ ನೋವಾಗದಂತೆ ಕಾಪಾಡಲಿ. ಆಮೀನ್.